ಅರಿಯುವ ಮನೆಯೂ ಅನುಮಾನಪ್ರಮಾಣವೂ

ಮನುಷ್ಯನು ವಾಸಮಾಡುವ ಮನೆ, ಕೆಲಸಮಾಡುವ ಕಚೇರಿ, ನಡೆದಾಡುವ ಬೀದಿ, ಇವುಗಳ ಗೋಡೆ ನೆಲ ಬಾಗಿಲುಗಳಲ್ಲಿ ಸೂಕ್ಷ್ಮವಾದ ಸಂವೇದಕಗಳನ್ನು ಅಡಗಿಸಿಟ್ಟು, ಅವು ತಂದೊಪ್ಪಿಸುವ ಸಮಾಚಾರದಿಂದ ಅಲ್ಲಿರುವವರ ಇಷ್ಟಾನಿಷ್ಟಗಳನ್ನು ಊಹಿಸಿ, ಅವರು ಬಾಯಿಬಿಟ್ಟು ಕೇಳುವುದಕ್ಕೆ ಮುಂಚೆಯೇ ದೀಪವನ್ನು ಹೊತ್ತಿಸುವ, ಕೊಠಡಿಯನ್ನು ಬೆಚ್ಚಗಾಗಿಸುವ, ಔಷಧದ ವೇಳೆಯನ್ನು ಜ್ಞಾಪಿಸುವ ಏರ್ಪಾಡುಗಳನ್ನು ನಿರ್ಮಿಸಬೇಕೆಂಬ ಸಂಶೋಧನೆಯು ಪಾಶ್ಚಾತ್ಯ ದೇಶಗಳಲ್ಲಿ ಮೊದಲಾಗಿ ಮೂರು ದಶಕಗಳು ಕಳೆದುವು. ಇದು ಯಂತ್ರಶಾಸ್ತ್ರಜ್ಞರ ವ್ಯವಹಾರವಾಯಿತು. ಕಾವ್ಯಪಾಠವನ್ನು ಹೇಳಿಕೊಂಡಿರುವ ನಮಗೆ ಇದರಿಂದೇನು ಎಂದು ವಾಚಕರು ಕೇಳುವುದು ಸಹಜ. ಈ ಲೇಖಕನಿಗೆ ತೋರುವಂತೆ ನಮಗೆ ಇದರಲ್ಲಿ ಸಂಬಂಧವಿರುವುದಕ್ಕೆ ಎರಡು ಕಾರಣಗಳುಂಟು. ಈ ಶಾಸ್ತ್ರದ ಮೂಲಗ್ರಂಥಗಳೆನಿಸಿಕೊಂಡ ಬರಹಗಳು ಬಹುಮಟ್ಟಿಗೆ ಕಥೆಗಳಾಗಿವೆ. ಕಥೆಯಾದಮೇಲೆ ಅದು ವಿಮರ್ಶೆಗೆ ಒಳಪಟ್ಟಿತು. ಅಲ್ಲದೆ ಅಂಥ ಮನೆಯು ಮಾಡತಕ್ಕ ಕೆಲಸವಾದರೂ ಏನು? ಹೊರಗಿನ ಕುರುಹುಗಳಿಂದ ಒಳಗಿನ ಭಾವವನ್ನು ಊಹಿಸುವುದು. ಈ ಊಹೆಯ ಬಲಾಬಲಗಳನ್ನು ನಮ್ಮ ಆಲಂಕಾರಿಕರು ಕಡಮೆಯೆಂದರೂ ಸಾವಿರ ವರ್ಷಗಳಷ್ಟು ಹಿಂದೆಯೇ ಚರ್ಚಿಸಿದ್ದಾರೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನಲ್ಲಿ ಇಂಥ ಮನೆಗೆ 'ಸ್ಮಾರ್ಟ್' ಎಂಬ ವಿಶೇಷಣವನ್ನು ಹಚ್ಚುವುದು ರೂಢಿ. ಅದನ್ನು 'ಜಾಣ ಮನೆ' ಎಂದು ಕನ್ನಡಿಸಿದರೆ ಮನೆಯು ನಮ್ಮೊಡನೆ ಚೇಷ್ಟೆಮಾಡುವಂತೆ ಕೇಳಿಸುತ್ತದೆ. ಅಟ್ಲಾಂಟಾ ನಗರದ ಜಾರ್ಜಿಯಾ ಟೆಕ್ ವಿದ್ಯಾಸಂಸ್ಥೆಯವರು 1990ರ ದಶಕದ ಕೊನೆಯಲ್ಲಿ ಪ್ರಯೋಗಾರ್ಥವಾಗಿ ಕಟ್ಟಿಸತೊಡಗಿದ ಮನೆಗೆ 'ಅವೇರ್ ಹೋಮ್' ಎಂದು ಹೆಸರಿಟ್ಟರು. ಅದನ್ನನುಸರಿಸಿ 'ಅರಿಯುವ ಮನೆ' ಎನ್ನುವುದು ನನಗೆ ಒಪ್ಪಿಗೆ. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಹಳಗನ್ನಡದಲ್ಲಿ ತಿಳಿಯುವುದೆಂಬ ಅರ್ಥದ ಧಾತು ಶಕಟರೇಫದಿಂದ ಕೂಡಿದ 'ಅಱಿ'. ಸಾಮಾನ್ಯ ರೇಫದ 'ಅರಿ' ಎಂದರೆ ಕತ್ತರಿಸು ಎಂದರ್ಥ. ಶಕಟರೇಫವು ಲುಪ್ತವಾದುದರಿಂದ ಇವೆರಡೂ ಇಂದು ಒಂದೇ ರೂಪದಲ್ಲಿ ನಿಂತಿವೆ. 'ಅರಿಯುವ ಮನೆ' ಎಂಬಲ್ಲಿ ಯಾವ ಧಾತು ಹೆಚ್ಚಾಗಿ ಅನ್ವಯಿಸುತ್ತದೆಯೆಂಬುದನ್ನು ಓದುಗರು ಮುಂದೆ ತಾವೇ ನಿರ್ಣಯಿಸಬಹುದು.

ಈ ಶಾಸ್ತ್ರಕ್ಕೆ ಆದ್ಯಪ್ರವರ್ತಕನೆನ್ನಿಸಿಕೊಂಡವನು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದ ಮಾರ್ಕ್ ವೈಸರ್. 1991ರ ಸೆಪ್ಟೆಂಬರಿನಲ್ಲಿ ಈತನು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಗಣಕಯಂತ್ರವನ್ನು ಕುರಿತು ಬರೆದ ಪ್ರಬಂಧವು ಗಾತ್ರದಲ್ಲಿ ಕಿರಿದಾದರೂ ಪ್ರಭಾವದಲ್ಲಿ ಬಲು ದೊಡ್ಡದು. ಯಾವ ಯಂತ್ರವು ನಮ್ಮ ಗಮನಕ್ಕೆ ಬಾರದಂತೆ ಜೀವನದ ಹಾಸುಹೊಕ್ಕಿನಲ್ಲಿ ಸೇರಿಹೋಗುತ್ತದೆಯೋ ಅದೇ ಪರಿಣತವಾದ ಯಂತ್ರವೆಂಬುದು ಅದರ ಪ್ರತಿಜ್ಞೆ. ಇದಕ್ಕೆ ಅವನು ಕೊಡುವ ದೃಷ್ಟಾಂತ ಬರವಣಿಗೆ. ಲಿಪಿಯೆಂಬುದು ಮಾನವನ ಮೊತ್ತಮೊದಲನೆಯ ಸಮಾಚಾರಯಂತ್ರ. ಅದು ಪುಸ್ತಕದಲ್ಲಿ ಮಾತ್ರವಲ್ಲದೆ ಬೀದಿಯ ಫಲಕ, ಮಿಠಾಯಿಯ ಹೊದಿಕೆ, ಗೋಡೆ, ಎಲ್ಲೆಲ್ಲಿಯೂ ವ್ಯಾಪಿಸಿದ್ದು ನಮ್ಮ ಪ್ರಯತ್ನವನ್ನು ಅಪೇಕ್ಷಿಸದೆ ತನ್ನ ಕೆಲಸವನ್ನು ಮಾಡುತ್ತದೆ. ಗಣಕಯಂತ್ರವೂ ಹಾಗಾಗಬೇಕು ಎಂಬುದು ಅವನ ಆಶಯ.

ದೃಷ್ಟಾಂತವು ಮನೋಹರವಾದುದು. ಆದರೆ ಅಕ್ಷರವಿದ್ಯೆಯನ್ನೇ ಜೀವನೋಪಾಯವಾಗಿ ಉಳ್ಳ ನಾವು ಅದನ್ನು ಹಾಗೆಯೇ ಒಪ್ಪಿಕೊಳ್ಳಲಾಗದು. ಲಿಪಿಯು ಕಣ್ಮರೆಯಾಗುವುದು ಓದುಬಲ್ಲವನಿಗೆ ಮಾತ್ರ. ಓದುಬಾರದವನಿಗೆ ಫಲಕದ ಒಂದೊಂದು ಅಕ್ಷರವೂ ಕಲ್ಲಿನಂತೆ ಎದುರುನಿಂತಿರುತ್ತದೆ. ಇದು ಚಿಕ್ಕ ಆಕ್ಷೇಪ. ಇದಕ್ಕಿಂತ ದೊಡ್ಡದೊಂದುಂಟು. ಊರ ದೇವಾಲಯದ ಮುಂದೆ ನಿಂತ ಶಿಲಾಶಾಸನವು ದಾರಿಯಲ್ಲಿ ಹೋಗುವವರಿಗೆಲ್ಲ ದಾನದ ಸಂಗತಿಯನ್ನು ತಿಳಿಸುತ್ತದೆ. ಯಾರು ಓದಿದರು, ಯಾರು ಓದದೆ ಮುಂದೆ ಹೋದರು, ಯಾರು ಅದರ ನೆರಳಿನಲ್ಲಿ ಕುಳಿತು ಅತ್ತರು ಎಂಬುದನ್ನು ತಾನು ಬರೆದಿಟ್ಟುಕೊಳ್ಳುವುದಿಲ್ಲ. ಲಿಪಿಯಲ್ಲಿ ಓದುವವನು ಮನುಷ್ಯ, ಓದಿಸಿಕೊಳ್ಳುವುದು ಕಲ್ಲು. ವೈಸರನು ಹಾರೈಸಿದ ಪರಿಸರದಲ್ಲಿ ಓದುವುದು ಗೋಡೆ, ಓದಿಸಿಕೊಳ್ಳುವವನು ಮನುಷ್ಯ. ಉಪಮೇಯದಲ್ಲಿ ಕರ್ತೃಕರ್ಮಗಳು ಸ್ಥಾನವನ್ನು ಬದಲಿಸಿಕೊಂಡಿರುವಾಗ ಸಾಧರ್ಮ್ಯವು ನಿಲ್ಲುವುದಿಲ್ಲ. ಮುಂದೆ ಈ ಶಾಸ್ತ್ರದಲ್ಲಿ ತಲೆದೋರಿದ ತೊಡಕುಗಳಲ್ಲಿ ಅರ್ಧಪಾಲು ಈ ಒಂದು ಉಪಮಾದೋಷದಲ್ಲಿಯೇ ಬೀಜರೂಪವಾಗಿ ಅಡಗಿದ್ದುವೆಂದು ನನ್ನ ಎಣಿಕೆ.

ಪ್ರಬಂಧದ ಕಡೆಯಲ್ಲಿ ವೈಸರನು ಸ್ಯಾಲ್ ಎಂಬ ಗೃಹಿಣಿಯ ಒಂದು ಮುಂಜಾವವನ್ನು ಕಥೆಯಾಗಿ ಹೇಳುತ್ತಾನೆ. ಆಕೆ ಎಚ್ಚರಗೊಳ್ಳುವುದಕ್ಕೆ ಸ್ವಲ್ಪ ಮುಂಚೆ ಹಾಸಿಗೆಯಲ್ಲಿ ಹೊರಳಾಡಿದುದನ್ನು ಗಡಿಯಾರವು ಗಮನಿಸಿ, ಕಾಫಿ ಬೇಕೆ ಎಂದು ಮೆಲ್ಲಗೆ ಕೇಳುತ್ತದೆ, ಆಕೆ ಹೂಂಗುಟ್ಟುತ್ತಾಳೆ. ಆ ಗಡಿಯಾರಕ್ಕೆ 'ಹೌದು', 'ಇಲ್ಲ' ಎಂಬ ಎರಡೇ ಮಾತುಗಳು ಗೊತ್ತು. ಕಿಟಕಿಗಳಲ್ಲಿ ಕೆಲವು ನಿಜವಾದ ಬಿಸಿಲನ್ನೂ ಬೇಲಿಯನ್ನೂ ತೋರಿಸಿದರೆ, ಮಿಕ್ಕವು ಆ ಬೆಳಗ್ಗೆ ನೆರೆಹೊರೆಯವರು ಹೋಗಿಬಂದ ಜಾಡುಗಳನ್ನು ತೋರಿಸುತ್ತವೆ. ಮಕ್ಕಳು ಎದ್ದು ಎಷ್ಟು ಹೊತ್ತಾಯಿತೆಂಬುದೂ ಅವರು ಅಡಿಗೆಮನೆಯಲ್ಲಿದ್ದಾರೆಂಬುದೂ ಆಕೆಗೆ ಕಾಣುತ್ತದೆ. ತಾಯಿ ಎದ್ದದ್ದನ್ನು ತಿಳಿದ ಮಕ್ಕಳು ಗದ್ದಲವನ್ನು ಹೆಚ್ಚುಮಾಡುತ್ತಾರೆ. ಆ ಕೊನೆಯ ವಾಕ್ಯವೊಂದರಲ್ಲಿ ವೈಸರನು ನಿಜವಾದ ಕಥೆಗಾರ. ಮನೆಯಲ್ಲಿ ಒಬ್ಬರನ್ನೊಬ್ಬರು ಅರಿಯುವುದಕ್ಕೆ ಗದ್ದಲವೆಂಬ ಪುರಾತನ ಸಾಧನವು ಇನ್ನೂ ಬದುಕಿದೆಯೆಂಬುದನ್ನು ಅವನ ಲೇಖನಿ ಅವನಿಗರಿಯದೆಯೇ ಬರೆದುಬಿಟ್ಟಿದೆ.

ನೆರೆಹೊರೆಯವರ ಜಾಡಿನ ವಿಷಯದಲ್ಲಿ ಅವನು ಅಷ್ಟು ಜಾಗರೂಕನಲ್ಲ. ಗೋಪ್ಯವನ್ನು ಕುರಿತ ಸಂಪ್ರದಾಯಗಳಿಂದಲೂ ತಂತಿಯ ಸಾಮರ್ಥ್ಯದ ಮಿತಿಯಿಂದಲೂ ಚಿತ್ರಗಳನ್ನು ತೋರಿಸುವುದಿಲ್ಲ, ಗುರುತುಗಳನ್ನು ಮಾತ್ರ ತೋರಿಸುತ್ತದೆ ಎಂದು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಧರ್ಮಕ್ಕೆ ಸಂಬಂಧಿಸಿದ ಕಾರಣವನ್ನೂ ತಂತಿಗೆ ಸಂಬಂಧಿಸಿದ ಕಾರಣವನ್ನೂ ಒಂದೇ ಉಸಿರಿನಲ್ಲಿ ಜೋಡಿಸಿದುದನ್ನು ಗಮನಿಸಬೇಕು. ತಂತಿಯ ಸಾಮರ್ಥ್ಯ ಆಮೇಲೆ ಎಷ್ಟೋ ಮಡಿ ಬೆಳೆಯಿತು; ಆಗ ಮತ್ತೊಂದು ಕಾರಣವು ತಾನೊಂದೇ ತಡೆದು ನಿಲ್ಲಬೇಕಾಯಿತು. ಆ ಬೀದಿಯಲ್ಲಿ ನಡೆದ ನೆರೆಯವನಿಗಂತೂ ಕಥೆಯಲ್ಲಿ ಒಂದು ಮಾತೂ ಇಲ್ಲ.

ಹೀಗಿದ್ದರೂ ವೈಸರನ ಗಡಿಯಾರವನ್ನು ನಾನು ಮೆಚ್ಚುತ್ತೇನೆ. ಅದು ಊಹಿಸಿತು, ಆದರೆ ಊಹಿಸಿ ಸುಮ್ಮನೆ ಕಾಫಿ ಕಾಯಿಸಲಿಲ್ಲ, ಕೇಳಿತು. ಹೊರಳಾಟಕ್ಕೆ ಜ್ವರವೂ ದುಃಸ್ವಪ್ನವೂ ಮನೋವ್ಯಥೆಯೂ ಕಾರಣವಾಗಬಹುದೆಂಬ ಸಂದೇಹಕ್ಕೆ ಅದರ ಪ್ರಶ್ನೆಯಲ್ಲಿ ಎಡೆಯಿದೆ. ಈ ಕೇಳುವ ಸೌಜನ್ಯವು ಅನಂತರದವರ ಬರಹಗಳಲ್ಲಿ ಕ್ರಮಕ್ರಮವಾಗಿ ಕ್ಷೀಣಿಸಿದುದು ಈ ಶಾಸ್ತ್ರದ ಇತಿಹಾಸದಲ್ಲಿ ಶೋಚನೀಯವಾದ ಅಂಶ.

ಇದಕ್ಕೆ ಒಳ್ಳೆಯ ಉದಾಹರಣೆ 2001ರಲ್ಲಿ ಯೂರೋಪಿಯನ್ ಕಮಿಷನ್ನಿನ ಸಲಹಾಮಂಡಲಿಯೊಂದು ಪ್ರಕಟಿಸಿದ ವರದಿ. 2010ನೆಯ ಇಸವಿಯ ಹೊತ್ತಿಗೆ ಬುದ್ಧಿಯುಳ್ಳ ಪರಿಸರದಲ್ಲಿ ಜನಜೀವನ ಹೇಗಿರಬಹುದೆಂಬುದನ್ನು ನಾಲ್ಕು ಕಥೆಗಳ ಮೂಲಕ ಅದು ಚಿತ್ರಿಸಿತು. ಆ ಇಸವಿ ಕಳೆದುಹೋಗಿದೆ; ಕಥೆಗಳಲ್ಲಿ ಯಾವುದು ಫಲಿಸಿತು ಯಾವುದು ಫಲಿಸಲಿಲ್ಲ ಎಂದು ಲೆಕ್ಕ ಹಾಕುವುದು ಪಂಚಾಂಗವಿಮರ್ಶೆಯಾದೀತೇ ಹೊರತು ಸಾಹಿತ್ಯವಿಮರ್ಶೆಯಾಗದು. ಎರಡನೆಯ ಕಥೆಯನ್ನು ಮಾತ್ರ ನೋಡೋಣ. ಅದರ ನಾಯಕ ದಿಮಿತ್ರಿಯೋಸ್. ಅವನು ಕಚೇರಿಯಲ್ಲಿ ಕಾಫಿ ಕುಡಿಯುತ್ತ ವಿಶ್ರಮಿಸಿಕೊಳ್ಳುತ್ತಿದ್ದಾನೆ, ಯಾರೂ ತನ್ನನ್ನು ತೊಂದರೆಪಡಿಸಬಾರದೆಂದು ಅವನ ಇಚ್ಛೆ. ಅವನು ಧರಿಸಿರುವ ಒಂದು ಯಂತ್ರವು ಅವನ ಛಾಯಾಪುರುಷನಂತೆ ವರ್ತಿಸಿ, ಬಂದ ಕರೆಗಳಿಗೆ ಅವನದೇ ಧ್ವನಿಯನ್ನು ಹೋಲುವ ಧ್ವನಿಯಲ್ಲಿ ಉತ್ತರ ಹೇಳುತ್ತದೆ. ಈ ನಡುವೆ ಹತ್ತಿರದ ಸುರಂಗ ರೈಲುನಿಲ್ದಾಣದಿಂದ ಒಬ್ಬ ವೃದ್ಧನ ಯಂತ್ರವು ಒಂದು ಮೊರೆಯನ್ನು ಕಳುಹಿಸುತ್ತದೆ. ಮುದುಕನು ಔಷಧವನ್ನು ಮನೆಯಲ್ಲಿಯೇ ಮರೆತು ಬಂದಿದ್ದಾನೆ. ದಿಮಿತ್ರಿಯೋಸನಿಗೂ ಅದೇ ಬಗೆಯ ಹೃದ್ರೋಗ, ಅದೇ ಔಷಧ. ಛಾಯಾಪುರುಷನು ಪರಿಸ್ಥಿತಿಯನ್ನು ಪರ್ಯಾಲೋಚಿಸಿ, ಯಜಮಾನನ ಗುರುತನ್ನು ತಿಳಿಸಕೂಡದು, ಅವನ ನೇರವಾದ ಸಹಾಯವನ್ನೂ ನೀಡಕೂಡದು ಎಂದು ತೀರ್ಮಾನಿಸಿ, ಸಮೀಪದ ಔಷಧದ ಅಂಗಡಿಗಳ ಪಟ್ಟಿಯೇ ಮೊದಲಾದ ತಿಳಿವಳಿಕೆಯನ್ನು ಮಾತ್ರ ಮುದುಕನಿಗೆ ಕಳುಹಿಸಿಕೊಡುತ್ತಾನೆ.

ಬರೆದವರು ಇದನ್ನು ಯಂತ್ರದ ಚಾತುರ್ಯಕ್ಕೆ ನಿದರ್ಶನವಾಗಿ ಬರೆದರು. ಓದುವವನಿಗೆ ಇದು ಬೇರೊಂದು ಕಥೆಯಾಗಿ ತೋರುತ್ತದೆ. ಒಬ್ಬನು ಆರ್ತನಾಗಿ ಬೇಡಿದನು, ಇನ್ನೊಬ್ಬನು ಕೊಡಬಲ್ಲವನಾಗಿದ್ದನು, ಕೊಡುವುದಿಲ್ಲವೆಂಬ ನಿರ್ಧಾರವೂ ಆಗಿಹೋಯಿತು, ಆದರೆ ಹಾಗೆ ನಿರ್ಧರಿಸಿದವನು ಮಾತ್ರ ಯಾರೂ ಇಲ್ಲ. ನಮ್ಮ ಪುರಾಣಗಳಲ್ಲಿ ಅತಿಥಿಯನ್ನು ಹಿಂದಕ್ಕೆ ಕಳುಹಿಸಿದ ಗೃಹಸ್ಥರ ಕಥೆಗಳು ಬೇಕಾದಷ್ಟಿವೆ. ಅಲ್ಲಿ ನಿರಾಕರಿಸಿದವನಿಗೆ ಪಾಪವಾದರೂ ಬರುತ್ತಿತ್ತು, ಪಶ್ಚಾತ್ತಾಪಕ್ಕಾದರೂ ಅವಕಾಶವಿತ್ತು. ಇಲ್ಲಿ ದಿಮಿತ್ರಿಯೋಸನಿಗೆ ತಾನು ನಿರಾಕರಿಸಿದ ಸಂಗತಿಯ ಅರಿವೇ ಇರಬೇಕಾಗಿಲ್ಲ. ಅವನ ಕಾಫಿ ಆರದಿದ್ದರೆ ಸಾಕು. ವೈಸರನ ಗಡಿಯಾರಕ್ಕೆ ಎರಡು ಮಾತು ಗೊತ್ತಿದ್ದುವು, ಅದು ಒಡತಿಯನ್ನು ಕೇಳಿತು. ಹತ್ತು ವರ್ಷಗಳಲ್ಲಿ ಯಂತ್ರದ ಶಬ್ದಸಂಪತ್ತು ಎಷ್ಟೋ ಹೆಚ್ಚಿತು, ಕೇಳುವ ಅಭ್ಯಾಸ ಹೋಯಿತು.

ಕಥೆಗಳನ್ನು ಬಿಟ್ಟು ಶಾಸ್ತ್ರಭಾಗಕ್ಕೆ ಬಂದರೆ, ನಾನು ಓದಿದುದರಲ್ಲಿ ಹೆಚ್ಚು ವಿವೇಕಯುತವಾದದ್ದು ಅದೇ 2001ರಲ್ಲಿ ಅಟ್ಲಾಂಟಾದ ವಿದ್ವತ್ಸಭೆಯಲ್ಲಿ ಕೀತ್ ಎಡ್ವರ್ಡ್ಸ್ ಮತ್ತು ರೆಬೆಕಾ ಗ್ರಿಂಟರ್ ಎಂಬಿಬ್ಬರು ಮಂಡಿಸಿದ ಪ್ರಬಂಧ. ವೈಸರನ ಸಂಶೋಧನಾಲಯದಲ್ಲಿಯೇ ಕೆಲಸಮಾಡುತ್ತಿದ್ದ ಇವರು ಮನೆಯನ್ನು ಅರಿಯುವ ಮನೆಯಾಗಿ ಮಾಡುವುದರಲ್ಲಿ ಏಳು ತೊಡಕುಗಳಿರುವುವೆಂದು ಎಣಿಸಿದ್ದಾರೆ. ಅವುಗಳಲ್ಲಿ ಹಲವು ಕೇವಲ ಯಂತ್ರಸಂಬಂಧವಾದುವು. ಒಂದು ಕಂಪನಿಯ ಉಪಕರಣವು ಇನ್ನೊಂದರೊಡನೆ ಹೊಂದಿಕೊಳ್ಳುವುದೇ ಮುಂತಾದವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮೊದಲನೆಯದು ಮಾತ್ರ ಸ್ವಾರಸ್ಯವುಳ್ಳದ್ದು. ಯಾವನೂ ಅರಿಯುವ ಮನೆಯನ್ನು ಒಂದೇ ಏಟಿಗೆ ಬುನಾದಿಯಿಂದ ಕಟ್ಟಿಸುವುದಿಲ್ಲ; ಇಂದು ಒಂದು ಉಪಕರಣ, ಮುಂದಿನ ವರ್ಷ ಇನ್ನೊಂದು, ಹೀಗೆ ಒಂದೊಂದಾಗಿ ತಂದು ಸೇರಿಸುತ್ತ ಹೋದಾಗ ಮನೆಯು ಯಾರೂ ಉದ್ದೇಶಿಸದೆಯೇ ಅರಿಯುವ ಮನೆಯಾಗಿಬಿಡುತ್ತದೆ. ಅದರ ಒಟ್ಟು ನಡವಳಿಕೆಯು ಯಾವೊಬ್ಬನ ಕೃತಿಯೂ ಅಲ್ಲ. ಮೂರನೆಯ ತೊಡಕು, ಕಾರ್ಖಾನೆಗೂ ಕಚೇರಿಗೂ ಇರುವಂತೆ ಮನೆಗೆ ಯಂತ್ರಪಾಲಕನಿಲ್ಲವೆಂಬುದು. ಇದರ ಸತ್ಯವು ಹದಿನೈದು ವರ್ಷಗಳಲ್ಲಿ ಪ್ರತ್ಯಕ್ಷವಾಯಿತು. ಮನೆಯ ದೀಪ ಬೀಗಗಳನ್ನು ನಡೆಸುತ್ತಿದ್ದ 'ರಿವಾಲ್ವ್' ಎಂಬ ಪೆಟ್ಟಿಗೆಯನ್ನು ಮಾರಿದ್ದ ಸಂಸ್ಥೆಯನ್ನು ನೆಸ್ಟ್ ಕಂಪನಿ ಕೊಂಡುಕೊಂಡು, 2016ರ ಮೇ ತಿಂಗಳಲ್ಲಿ ಅದರ ಹಿಂದಿದ್ದ ಸೇವೆಯನ್ನು ನಿಲ್ಲಿಸಿಬಿಟ್ಟಿತು. ಕೊಂಡವರ ಗೋಡೆಯ ಮೇಲಿದ್ದ ಪೆಟ್ಟಿಗೆ ಆ ದಿನದಿಂದ ಬರಿಯ ಪೆಟ್ಟಿಗೆಯಾಯಿತು. ಮನೆ ನಮ್ಮದು, ಮನೆಯ ಅರಿವು ಬೇರೆಯವರದು ಎಂಬ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಗೃಹಕೃತ್ಯದ ಉಪಕರಣಗಳಿಂದ ಶ್ರಮ ಕಡಮೆಯಾಯಿತೇ ಎಂಬ ಪ್ರಶ್ನೆಯೂ ಇದರೊಡನೆಯೇ ಬರುತ್ತದೆ. ರೂತ್ ಶ್ವಾರ್ಟ್ಸ್ ಕೊವನ್ ಎಂಬ ವಿದುಷಿಯು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಟ್ಟೆ ಒಗೆಯುವ ಯಂತ್ರವೇ ಮೊದಲಾದುವು ಬಂದಮೇಲೆ ಅಮೆರಿಕದ ಗೃಹಿಣಿಯ ಮೈಮುರಿತ ತಗ್ಗಿದರೂ ಕೆಲಸದ ಹೊತ್ತು ತಗ್ಗಲಿಲ್ಲವೆಂದೂ, ಶುಚಿತ್ವದ ಮಟ್ಟವೇ ಮೇಲೇರಿತೆಂದೂ ತೋರಿಸಿಕೊಟ್ಟಿದ್ದಾಳೆ. ಸಂವೇದಕಗಳ ಪರಿಸರವನ್ನು ರಚಿಸುವವರು ಈ ಗ್ರಂಥವನ್ನು ಕಡ್ಡಾಯವಾಗಿ ಓದತಕ್ಕದ್ದು.

ಎಡ್ವರ್ಡ್ಸ್ ಗ್ರಿಂಟರರ ಏಳನೆಯ ತೊಡಕೇ ನಮ್ಮ ಮುಖ್ಯವಾದ ವಿಷಯ. ಅಸ್ಪಷ್ಟವಾದ ಕುರುಹುಗಳಿಂದ ಮಾಡುವ ಅನುಮಾನವು ತಪ್ಪಾಗುವುದು ಅನಿವಾರ್ಯ. ತಪ್ಪಾದಾಗ ಮನೆಯವನಿಗೆ ಅದು ಏಕೆ ತಪ್ಪಾಯಿತೆಂಬುದು ತಿಳಿಯುವಂತಿರಬೇಕು ಎಂದು ಅವರ ಅಭಿಪ್ರಾಯ. ಇಲ್ಲಿ ನಮ್ಮ ಶಾಸ್ತ್ರಕಾರರನ್ನು ಕರೆಯದೆ ಉಪಾಯವಿಲ್ಲ. ರಸಪ್ರತೀತಿಯನ್ನು ಅನುಮಿತಿಯೆಂದು ಪ್ರತಿಪಾದಿಸಿದವನು ಶಂಕುಕ. ಅವನ ಗ್ರಂಥ ನಮಗೆ ದೊರೆತಿಲ್ಲ, ಮತವು ಅಭಿನವಗುಪ್ತನ ಖಂಡನೆಯಲ್ಲಿ ಉಳಿದುಬಂದಿದೆ. ನಟನಲ್ಲಿ ಕಾಣುವ ಅನುಭಾವಗಳೆಂಬ ಹೇತುವಿನಿಂದ ರಾಮಾದಿಗಳ ಸ್ಥಾಯಿಭಾವವನ್ನು ಪ್ರೇಕ್ಷಕನು ಊಹಿಸುತ್ತಾನೆ ಎಂಬುದು ಆ ಮತದ ಸಾರ. ಮುಂದೆ ಮಹಿಮಭಟ್ಟನು 'ವ್ಯಕ್ತಿವಿವೇಕ'ದಲ್ಲಿ ಆನಂದವರ್ಧನನ ಧ್ವನಿಯನ್ನೆಲ್ಲ ಅನುಮಾನದಲ್ಲಿಯೇ ಅಡಗಿಸುವುದಕ್ಕೆ ಹೊರಟನು. ಅರಿಯುವ ಮನೆಯು ಇವರಿಬ್ಬರ ಶಿಷ್ಯ. ಕಂಬನಿಯನ್ನು ಕಂಡರೆ ದುಃಖ, ಹೊರಳಾಟವನ್ನು ಕಂಡರೆ ಎಚ್ಚರ, ಕೊಠಡಿಯಲ್ಲಿ ಚಲನೆಯಿಲ್ಲದಿದ್ದರೆ ನಿದ್ರೆ ಎಂದು ಅದರ ಪಾಠ.

ಇದಕ್ಕೆ ಮಮ್ಮಟನು 'ಕಾವ್ಯಪ್ರಕಾಶ'ದ ನಾಲ್ಕನೆಯ ಉಲ್ಲಾಸದಲ್ಲಿ ಹೇಳಿರುವ ಮಾತು ಯಂತ್ರಶಾಸ್ತ್ರಜ್ಞರಿಗಾಗಿಯೇ ಬರೆದಂತಿದೆ. ವ್ಯಾಘ್ರವೆಂಬ ವಿಭಾವವು ಭಯಾನಕಕ್ಕೆ ಸಲ್ಲುವಂತೆಯೇ ವೀರ, ಅದ್ಭುತ, ರೌದ್ರಗಳಿಗೂ ಸಲ್ಲುತ್ತದೆ. ಕಂಬನಿಯೆಂಬ ಅನುಭಾವವು ಶೃಂಗಾರದಲ್ಲಿ ಹೇಗೋ ಹಾಗೆಯೇ ಕರುಣದಲ್ಲಿಯೂ ಭಯಾನಕದಲ್ಲಿಯೂ ಉಂಟು. ಚಿಂತೆಯೇ ಮೊದಲಾದ ವ್ಯಭಿಚಾರಿಗಳ ಗತಿಯೂ ಅದೇ. ಬಿಡಿಬಿಡಿಯಾಗಿ ಇವು ಅನೈಕಾಂತಿಕಗಳು. ಆದಕಾರಣವೇ ಭರತನು ಸೂತ್ರದಲ್ಲಿ ಇವುಗಳನ್ನು ಒಟ್ಟುಗೂಡಿಸಿ ಹೇಳಿದನೆಂದು ಮಮ್ಮಟನ ವಿವರಣೆ. ಯಂತ್ರಶಾಸ್ತ್ರಜ್ಞರೂ ಸ್ವತಂತ್ರವಾಗಿ ಇಲ್ಲಿಗೇ ಬಂದಿದ್ದಾರೆ. ಒಂದು ಸಂವೇದಕದ ಮಾತನ್ನು ನಂಬಲಾಗದೆಂದು ಹಲವನ್ನು ಕೂಡಿಸಿ, ಚಲನೆ, ಶಬ್ದ, ಬೆಳಕು, ಭಾರ ಇವುಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗುವುದು ಅವರ ಪದ್ಧತಿ. ಇದು ಮೆಚ್ಚತಕ್ಕದ್ದು. ಆದರೆ ಆಲಂಕಾರಿಕರು ಇಲ್ಲಿಗೇ ನಿಲ್ಲಲಿಲ್ಲ. ಕುರುಹುಗಳೆಷ್ಟೇ ಕೂಡಲಿ, ಅರ್ಥವು ಹೊಳೆಯುವುದಕ್ಕೆ ಸಹೃದಯನ ಅಪೇಕ್ಷೆಯುಂಟು, ಪ್ರಕರಣದ ಜ್ಞಾನ ಬೇಕು. ಶ್ರಾದ್ಧದ ದಿನ ಮನೆಯೊಡತಿ ಬೆಳಗಿನ ಜಾವದಲ್ಲಿ ಎದ್ದು ಅಡಿಗೆಮನೆಯಲ್ಲಿ ಓಡಾಡುವುದಕ್ಕೂ, ಮಗನು ಬಾರದಿದ್ದ ರಾತ್ರಿ ನಿದ್ದೆಗೆಟ್ಟು ಅಲ್ಲಿಯೇ ಓಡಾಡುವುದಕ್ಕೂ ಹೆಜ್ಜೆಗಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಅಟ್ಲಾಂಟಾದ ಮನೆಯ ಪರಿಶೋಧನೆಗಳಲ್ಲಿ ಅರಿಯುವ ನೆಲವೆಂಬುದೊಂದು. ರಾಬರ್ಟ್ ಆರ್ ಮತ್ತು ಗ್ರೆಗೊರಿ ಅಬೌಡ್ ಎಂಬವರು ನೆಲದ ಮೇಲೆ ಕಾಲಿಟ್ಟಾಗ ಬೀಳುವ ಭಾರದ ಏರಿಳಿತದಿಂದ ನಡೆದವರು ಯಾರೆಂದು ಗುರುತಿಸುವ ಉಪಾಯವನ್ನು ಕಲ್ಪಿಸಿ, ನೂರಕ್ಕೆ 93ರಷ್ಟು ಸಲ ಅದು ಸರಿಯಾಗುತ್ತದೆಂದು 2000ದಲ್ಲಿ ವರದಿಮಾಡಿದರು. ಪರೀಕ್ಷೆಯಲ್ಲಿ 93 ಅಂಕಗಳೆಂದರೆ ನಾವು ಅಧ್ಯಾಪಕರು ಹಿಗ್ಗುತ್ತೇವೆ. ಆದರೆ ಆ ನೆಲದ ಮೇಲೆ ದಿನಕ್ಕೆ ಐವತ್ತು ಸಲ ನಡೆದರೆ ಮೂರು ನಾಲ್ಕು ಸಲ ಮಗನನ್ನು ತಂದೆಯೆಂದೋ ಅತಿಥಿಯನ್ನು ಮಗನೆಂದೋ ಮನೆಯು ಭ್ರಮಿಸುತ್ತದೆ. ದೀಪ ಹೊತ್ತಿಸುವುದರಲ್ಲಿ ಇದು ವಿನೋದ. ಔಷಧವನ್ನು ಕೊಡುವುದರಲ್ಲಿ ವಿನೋದವಲ್ಲ. ದೋಷದ ಪ್ರಮಾಣವಲ್ಲ, ದೋಷದ ಫಲವೇ ಇಲ್ಲಿ ವಿಚಾರ್ಯವೆಂಬುದು ಇಂಥ ವರದಿಗಳಲ್ಲಿ ಸಾಕಷ್ಟು ಸ್ಪಷ್ಟವಾಗುವುದಿಲ್ಲ.

ಕೊಲರಾಡೊದ ಬೌಲ್ಡರಿನಲ್ಲಿ ಮೈಕೆಲ್ ಮೋಸರ್ ಎಂಬ ಪ್ರಾಧ್ಯಾಪಕನು 1990ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ಈ ಮಾತಿಗೆ ಸೇರಿಸಬೇಕು. ಹಳೆಯದೊಂದು ಶಾಲೆಯ ಕಟ್ಟಡವನ್ನು ಮನೆಯಾಗಿ ಮಾರ್ಪಡಿಸಿ, ಸುಮಾರು 75 ಸಂವೇದಕಗಳನ್ನು ಅಳವಡಿಸಿ, ತಾನೇ ಅಲ್ಲಿ ವಾಸಮಾಡಿದನು. ಪರರ ಮನೆಯಲ್ಲಿ ಪ್ರಯೋಗಮಾಡಿ ತಾನು ದೂರ ನಿಲ್ಲುವವರಿಗಿಂತ ಇವನು ಗೌರವಾರ್ಹ. ಮನೆಯು ಅವನ ಓಡಾಟದ ರೀತಿಯನ್ನು ಕಲಿತು, ಎಂದು ಯಾವ ಕೊಠಡಿಗೆ ಬೆಳಕು ಬೇಕು, ಎಷ್ಟು ಹೊತ್ತಿಗೆ ನೀರು ಕಾಯಬೇಕು ಎಂದು ತಾನೇ ತೀರ್ಮಾನಿಸಬೇಕೆಂಬುದು ಯೋಜನೆ. ತೀರ್ಮಾನಕ್ಕೆ ಅಳತೆಗೋಲು ಹಣ. ವಿದ್ಯುತ್ತಿನ ವೆಚ್ಚ ಒಂದು ಕಡೆ. ನಿವಾಸಿಯ ಅಸೌಖ್ಯ ಇನ್ನೊಂದು ಕಡೆ. ಅಸೌಖ್ಯಕ್ಕೂ ಡಾಲರಿನಲ್ಲಿ ಬೆಲೆಕಟ್ಟಿ ಎರಡರ ಮೊತ್ತವನ್ನು ಕನಿಷ್ಠಕ್ಕೆ ತರುವುದು ಮನೆಯ ಧರ್ಮ. ಅಸೌಖ್ಯವಾಯಿತೆಂಬುದಕ್ಕೆ ಕುರುಹು, ನಿವಾಸಿಯು ತಾನೇ ಹೋಗಿ ಗುಂಡಿಯನ್ನು ಒತ್ತುವುದು. ಒತ್ತದೆ ಸುಮ್ಮನಿದ್ದರೆ ಸಮ್ಮತಿಯೆಂದು ಅರ್ಥ. ಮೌನಂ ಸಮ್ಮತಿಲಕ್ಷಣಂ ಎಂಬ ಲೋಕೋಕ್ತಿಯನ್ನು ಇಷ್ಟು ಕಟ್ಟುನಿಟ್ಟಾಗಿ ಯಾವ ಮದುವೆಮನೆಯಲ್ಲಿಯೂ ಆಚರಿಸಿರಲಾರರು. ಮುಪ್ಪಿನವರು ಏಳಲಾರದೆ ಸುಮ್ಮನಿರುತ್ತಾರೆ, ಸೊಸೆಯಾದವಳು ಸಂಕೋಚದಿಂದ ಸುಮ್ಮನಿರುತ್ತಾಳೆ, ಕೆಲಸದವನಿಗೆ ಗುಂಡಿಯನ್ನು ಮುಟ್ಟುವ ಅಧಿಕಾರವೇ ಇರುವುದಿಲ್ಲ. ಒಬ್ಬನೇ ಇರುವ ಪ್ರಾಧ್ಯಾಪಕನ ಮನೆಯಲ್ಲಿ ಈ ಭೇದಗಳು ಕಾಣಿಸಿಕೊಳ್ಳಲಿಲ್ಲ. ಹಲವರು ಕೂಡಿರುವ ಮನೆಯಲ್ಲಿ ಕಾಣಿಸಿಕೊಳ್ಳದೆ ಇರಲಾರವು. ಮನೆಯು ತಾನು ಬರುವ ಹೊತ್ತನ್ನು ನಿರೀಕ್ಷಿಸುತ್ತಿದೆಯೆಂಬ ಭಾವನೆಯಿಂದ ತಾನು ಸಕಾಲಕ್ಕೆ ಮನೆಗೆ ಹೊರಡುತ್ತಿದ್ದುದಾಗಿ ಮೋಸರನು ಮುಂದೆ ವಿನೋದವಾಗಿ ಬರೆದುಕೊಂಡಿದ್ದಾನೆ. ಮನೆಯು ಮನುಷ್ಯನನ್ನು ಕಲಿಯಲು ಹೊರಟು ಮನುಷ್ಯನಿಗೇ ಪಾಠ ಕಲಿಸಿದ ಈ ಸಂಗತಿಯು ಅವನ ಕೋಷ್ಠಕಗಳೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿದೆ.

ಇದನ್ನೆಲ್ಲ ಓದಿ ಈ ಲೇಖಕನು ಯಂತ್ರದ್ವೇಷಿಯೆಂದು ಯಾರೂ ಭಾವಿಸಬಾರದು. ಫಾರ್ಸ್ಟರನು 1909ರಲ್ಲಿ ಬರೆದ 'ಯಂತ್ರವು ನಿಲ್ಲುತ್ತದೆ' ಎಂಬ ಕಥೆಯನ್ನೂ, ಮನೆಯವರೆಲ್ಲ ಅಣುಸ್ಫೋಟದಲ್ಲಿ ಮಡಿದಮೇಲೂ ತನ್ನಷ್ಟಕ್ಕೆ ಉಪಾಹಾರ ಸಿದ್ಧಪಡಿಸುತ್ತಿರುವ ಮನೆಯನ್ನು ಕುರಿತು ಬ್ರಾಡ್‌ಬರಿ 1950ರಲ್ಲಿ ಬರೆದ ಕಥೆಯನ್ನೂ ಎತ್ತಿಹಿಡಿದು ಭಯಪಡಿಸುವುದು ಸುಲಭ. ಭಯವು ವಿಮರ್ಶೆಯಲ್ಲ. ಈ ಶಾಸ್ತ್ರದಲ್ಲಿಯೇ ಒಳ್ಳೆಯ ಕೃತಿಗಳಿವೆ; ಅವುಗಳಲ್ಲಿ ಒಂದನ್ನು ಹೇಳುತ್ತೇನೆ.

ಎಲಿಜಬೆತ್ ಮೈನಟ್ ಮತ್ತು ಆಕೆಯ ಸಹೋದ್ಯೋಗಿಗಳು ಜಾರ್ಜಿಯಾ ಟೆಕ್‌ನಲ್ಲಿ 2001ರ ಸುಮಾರಿನಲ್ಲಿ ರಚಿಸಿದ ಕುಟುಂಬಚಿತ್ರ ಅದು. ದೂರದ ಊರಿನಲ್ಲಿ ಒಂಟಿಯಾಗಿರುವ ವೃದ್ಧರ ಭಾವಚಿತ್ರವನ್ನು ಮಗನ ಅಥವಾ ಮಗಳ ಮನೆಯ ಗೋಡೆಯ ಮೇಲೆ ತೂಗುಹಾಕುತ್ತಾರೆ. ಚಿತ್ರದ ಚೌಕಟ್ಟಿನ ಸುತ್ತ ಚಿಟ್ಟೆಗಳು. ಒಂದೊಂದು ಚಿಟ್ಟೆಯೂ ಒಂದೊಂದು ದಿನ. ಒಟ್ಟು 28 ದಿನಗಳು. ಅಂದು ಆ ಮನೆಯಲ್ಲಿ ಓಡಾಟ ಹೆಚ್ಚಾಗಿದ್ದರೆ ಚಿಟ್ಟೆ ದೊಡ್ಡದಾಗಿಯೂ ಕಡಮೆಯಾಗಿದ್ದರೆ ಚಿಕ್ಕದಾಗಿಯೂ ತೋರುತ್ತದೆ. ತಾಯಿ ಸ್ನಾನಮಾಡಿದಳೇ, ಊಟಮಾಡಿದಳೇ, ಅತ್ತಳೇ ಎಂಬ ವಿವರ ಏನೂ ಇಲ್ಲ. ಚಿಟ್ಟೆ ಚಿಕ್ಕದಾಗಿ ಕಂಡರೆ ಮಗನು ಅದೇಕೆಂದು ಯೋಚಿಸಿ, ದೂರವಾಣಿಯಲ್ಲಿ ತಾಯಿಯನ್ನೇ ಕೇಳಬೇಕು. ಯಂತ್ರವು ನಿರ್ಣಯವನ್ನು ಹೇಳುವುದಿಲ್ಲ, ಸೂಚಿಸಿ ಸುಮ್ಮನಾಗುತ್ತದೆ. ಅರ್ಥವನ್ನು ತುಂಬುವವನು ಪ್ರಕರಣವನ್ನು ಬಲ್ಲ ಮಗ. ವಾಚ್ಯಕ್ಕಿಂತ ವ್ಯಂಗ್ಯವು ಮೇಲೆಂದ ಆನಂದವರ್ಧನನು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನು. ಅರಿವು ಹೆಚ್ಚಿದಷ್ಟೂ ಒಳ್ಳೆಯದೆಂಬ ಮತಕ್ಕೆ ಈ ಚೌಕಟ್ಟು ಒಂದು ಸಮರ್ಪಕವಾದ ಉತ್ತರ. ವೈಸರನ ಗಡಿಯಾರದ ಸೌಜನ್ಯವು ಇಲ್ಲಿ ಮರಳಿ ಕಾಣಿಸಿಕೊಂಡಿದೆ.

ಇಷ್ಟಾದರೂ ಈ ಚಿತ್ರದ ವಿಷಯದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ತಾಯಿಯ ದಿನಗಳು ಮಗನ ಗೋಡೆಗೆ ಬಂದುವು. ಮಗನ ದಿನಗಳು ತಾಯಿಯ ಗೋಡೆಗೆ ಹೋಗಬೇಡವೇ? ಅರಿಯುವ ಹಕ್ಕು ಒಂದೇ ದಿಕ್ಕಿಗೆ ಹರಿಯುವಲ್ಲಿ ಪ್ರೀತಿಯು ಮೇಲ್ವಿಚಾರಣೆಯಾಗಿ ತಿರುಗುವುದು ಬಹು ಸುಲಭ. ಮಕ್ಕಳು ಹೊರನಾಡು ಹೊರದೇಶಗಳಲ್ಲಿ ನೆಲಸಿ, ತಂದೆತಾಯಿಗಳು ಮೈಸೂರು ಧಾರವಾಡಗಳ ಮನೆಗಳಲ್ಲಿ ಒಂಟಿಯಾಗಿ ಉಳಿಯುತ್ತಿರುವ ನಮ್ಮ ಕಾಲದಲ್ಲಿ ಈ ಪ್ರಶ್ನೆ ಅಟ್ಲಾಂಟಾದಲ್ಲಿ ಮಾತ್ರ ನಿಂತಿಲ್ಲ. ಬೀಳದಂತೆ ಕಾಯಲೆಂದು ಗೋಡೆಗೆ ಹಾಕಿಸಿದ ಕಣ್ಣು, ಯಾರು ಬಂದರು, ಎಷ್ಟು ಹೊತ್ತು ಕುಳಿತರು ಎಂಬುದನ್ನೂ ನೋಡದೆ ಬಿಡುವುದಿಲ್ಲ.

ಇಂಥಲ್ಲಿ ಶಾಸನದ ನೆರವು ಎಷ್ಟು? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ನಮ್ಮ ನಾಡಿನ ಹಿರಿಯರೊಬ್ಬರ ಹೆಸರು ಆ ತೀರ್ಪಿಗೆ ನಿಂತಿರುವುದು ನಮಗೆ ಹೆಮ್ಮೆಯ ವಿಷಯ. ಅದರ ಅನಂತರ 2023ರಲ್ಲಿ ವ್ಯಕ್ತಿಗಳ ಅಂಕೀಯ ಮಾಹಿತಿಯನ್ನು ರಕ್ಷಿಸುವ ಅಧಿನಿಯಮವೂ ಆಯಿತು. ಆದರೆ ಒಬ್ಬ ವ್ಯಕ್ತಿಯು ತನ್ನ ಸ್ವಂತದ ಅಥವಾ ಗೃಹಸಂಬಂಧವಾದ ಉದ್ದೇಶಕ್ಕಾಗಿ ಮಾಹಿತಿಯನ್ನು ಬಳಸಿದರೆ ಆ ಅಧಿನಿಯಮವು ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಹೇಳಿದೆ. ಹೊಸ್ತಿಲಿನ ಒಳಗೆ ಕಾಲಿಡಲು ಶಾಸನಕ್ಕೆ ಸಂಕೋಚ. ಅದು ಯುಕ್ತವೂ ಹೌದು. ಇದರಿಂದ ಮಗನು ತಾಯಿಯನ್ನು, ಗಂಡನು ಹೆಂಡತಿಯನ್ನು, ಯಜಮಾನನು ಅಡಿಗೆಯವನನ್ನು ಎಷ್ಟರಮಟ್ಟಿಗೆ ಓದಬಹುದೆಂಬ ಪ್ರಶ್ನೆಯ ಬಹುಭಾಗವು ಆ ಶಾಸ್ತ್ರವನ್ನು ರಚಿಸುವವರ ವಿವೇಕಕ್ಕೇ ಬಿಟ್ಟಂತಾಗಿದೆ.

ಆ ವಿವೇಕವನ್ನು ಪರೀಕ್ಷಿಸಲು ಅವರ ಕಥೆಗಳಿಗಿಂತ ಒಳ್ಳೆಯ ಎಡೆಯಿಲ್ಲ. ಮುಂದೆ ಇಂಥ ಪರಿಸರಗಳನ್ನು ಕಲ್ಪಿಸಿ ಕಥೆ ಬರೆಯುವವರು ಮೂರು ಪಾತ್ರಗಳನ್ನು ಬಿಡದೆ ತರಲಿ ಎಂದು ನನ್ನ ಬಿನ್ನಹ. ಸ್ಯಾಲಳ ಕಿಟಕಿಯಲ್ಲಿ ಜಾಡಾಗಿ ಮಾತ್ರ ಕಾಣಿಸಿಕೊಂಡ ನೆರೆಯವನೊಬ್ಬ. ಗುಂಡಿಯನ್ನು ಒತ್ತಲಾರದೆ ಸುಮ್ಮನಿರುವವಳೊಬ್ಬಳು. ರೈಲುನಿಲ್ದಾಣದಲ್ಲಿ ಔಷಧವಿಲ್ಲದೆ ನಿಂತ ಆ ಮುದುಕ. ಯೂರೋಪಿನ ವರದಿಯು ಅಂಗಡಿಗಳ ಪಟ್ಟಿಯನ್ನು ಅವನ ಕೈಗೆ ಕೊಟ್ಟು, ಅವನು ಅಂಗಡಿಯನ್ನು ತಲಪಿದನೇ ಇಲ್ಲವೇ ಎಂಬುದನ್ನು ಹೇಳದೆ ದಿಮಿತ್ರಿಯೋಸನ ಕಡೆಗೆ ತಿರುಗಿಬಿಡುತ್ತದೆ.